ಬೌದಿ, ಊಟ ಆಯ್ತಾ?

ಮಳೆ ನಿಂತು ಎರಡು ಗಂಟೆಯಾದರೂ ನಮ್ಮ ಬೀದಿಯ ನೀರು ಇಳಿದಿರಲಿಲ್ಲ. ಕೋಲ್ಕತ್ತದ ಮಳೆಗಾಲವೇ ಹಾಗೆ, ಆಕಾಶ ಹೊಳವಾದ ಮೇಲೂ ನೆಲ ಹೊಳವಾಗುವುದಿಲ್ಲ. ರಾತ್ರಿ ಏಳೂವರೆಯ ಹೊತ್ತಿಗೆ ಮೂರನೇ ಮಹಡಿಯ ಹುಡುಗಿಯ ಫೋನು ಬಂತು. ಹಾಸನದ ಕಡೆಯವಳು. ಗಂಡನಿಗೆ ಸಾಲ್ಟ್‌ಲೇಕಿನ ಸೆಕ್ಟರ್ ಫೈವ್‌ನಲ್ಲಿ ಕೆಲಸ, ಮನೆ ಇಲ್ಲಿ ಢಾಕುರಿಯಾದಲ್ಲಿ. ಮಗುವಿಗೆ ಹತ್ತು ತಿಂಗಳು. “ಆಂಟಿ, ಒಂದ್ನಿಮಿಷ ಬರ್ತೀರಾ? ಬೆಳಗ್ಗಿಂದ ಪಾಪು ಐದು ಸಲ ಭೇದಿ ಮಾಡ್ಕೊಂಡಿದೆ. ನಂಗೆ ಏನೂ ತೋಚ್ತಿಲ್ಲ” ಎಂದಳು.

ಹೋದೆ. ಊಟದ ಮೇಜಿನ ಮೇಲೆ ಅವಳ ಫೋನು ಒಂದೇ ಸಮನೆ ಟಿಣ್‌ಗುಟ್ಟುತ್ತಿತ್ತು. ಊರಿನ ಅಜ್ಜಿ ದಾಳಿಂಬೆ ಸಿಪ್ಪೆ ತೇಯ್ದು ನೆಕ್ಕಿಸು ಎಂದಿದ್ದರು. ಅತ್ತೆ ಹಾಲು ನಿಲ್ಲಿಸು ಎಂದಿದ್ದರು. ಎದುರುಮನೆಯ ಬಂಗಾಳಿ ಹೆಂಗಸು ಕಾಂಚ್‌ಕಲಾ, ಅಂದರೆ ಬಾಳೆಕಾಯಿ, ಬೇಯಿಸಿ ಕಿವುಚಿ ಕೊಡು ಎಂದಿದ್ದರು. ಗಂಡನ ಗೆಳೆಯನೊಬ್ಬ ವಿಡಿಯೋ ಕಳಿಸಿದ್ದ. ಹಲ್ಲು ಬರುವಾಗ ಹೀಗೇ, ಸುಮ್ಮನಿರು ಎಂದು ಮತ್ತೊಬ್ಬರು. ಎಣಿಸಿದೆ, ಒಟ್ಟು ಹನ್ನೊಂದು ಸಲಹೆ. ಮನೆಯಲ್ಲಿ ಕೈ ಮಾತ್ರ ಎರಡೇ, ಆ ಎರಡರಲ್ಲೂ ಮಗು. ಗಂಡ ನೀರು ತುಂಬಿದ ರಸ್ತೆಯಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದ.

ಹಗಲು ಮಗುವನ್ನು ನೋಡಿಕೊಳ್ಳುವ ಮಾಶಿ ಎಂಟು ಗಂಟೆಗೆ ಹೊರಡಬೇಕು. ಸೆರಗು ಬಿಗಿದು, ಚಪ್ಪಲಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಒಂದು ಗಳಿಗೆ ಹುಡುಗಿಯ ಮುಖ ನೋಡಿದಳು. ಚಪ್ಪಲಿ ಕೆಳಗಿಟ್ಟು ಕೇಳಿದಳು: “ಬೌದಿ, ಖೇಯೇಛೋ?” ಬೌದಿ ಅಂದರೆ ಅತ್ತಿಗೆ; ಊಟ ಆಯ್ತಾ ಅಂತ ಪ್ರಶ್ನೆ. ಬೆಳಗಿನಿಂದ ಹುಡುಗಿ ತಿಂದದ್ದು ಎರಡು ಬಿಸ್ಕತ್ತು. ಅಷ್ಟು ಹೊತ್ತೂ ತಡೆದುಕೊಂಡಿದ್ದವಳು ಆಗ ಅತ್ತಳು.

ಹನ್ನೊಂದು ಜನರಲ್ಲಿ ಒಬ್ಬರೂ ಕೇಳದಿದ್ದ ಪ್ರಶ್ನೆ ಅದು. ಮಗು ಹಡೆದವಳಿಗೆ ನಮ್ಮ ದೇಶದಲ್ಲಿ ಬುದ್ಧಿಮಾತಿಗೆ ಬರವಿಲ್ಲ, ಬರ ಇರುವುದು ಇನ್ನೊಂದು ಜೊತೆ ಕೈಗೆ. ಈ ಅಂಕಣದಲ್ಲಿ ಮಗು, ತಾಯಿ ಇಬ್ಬರ ಬಗ್ಗೆಯೂ ಬರೆಯುತ್ತೇನೆ. ಮೊದಲು ಮಗುವಿನ ವಿಷಯ.

ಭೇದಿಯ ಮಾತು ಬಂದಾಗ ಕೋಲ್ಕತ್ತಕ್ಕೆ ಹೇಳಲು ಒಂದು ದೊಡ್ಡ ಕಥೆ ಇದೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಗಡಿಯಂಚಿನ ಬನಗಾಂವ್‌ನ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಡಾ. ದಿಲೀಪ್ ಮಹಲನಬಿಸ್ ಆಗ ಕಲ್ಕತ್ತದ ಜಾನ್ಸ್ ಹಾಪ್ಕಿನ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ಮಕ್ಕಳ ವೈದ್ಯ. ಜೂನ್ ಕೊನೆಯಲ್ಲಿ ಅವರು ಅಲ್ಲಿಗೆ ಹೋದಾಗ ಆಸ್ಪತ್ರೆಯ ಎರಡು ಕೋಣೆಗಳು ತುಂಬಿ, ರೋಗಿಗಳು ನೆಲದ ಮೇಲೆ, ವಾಂತಿ ಭೇದಿಯ ನಡುವೆ ಮಲಗಿದ್ದರು. ಡ್ರಿಪ್ ಏರಿಸಲು ಸಲೈನ್ ಬಾಟಲಿ ಸಾಲದು, ಏರಿಸುವ ಕೈಗಳೂ ಸಾಲವು. ಅವರು ಮಾಡಿದ್ದಿಷ್ಟು: ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡ. ಕಲ್ಕತ್ತದಲ್ಲಿ ಪಾಲಿಥೀನ್ ಚೀಲಗಳಿಗೆ ತುಂಬಿ, ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಬಾಯಿ ಮುಚ್ಚಿ ಕಳಿಸಿದರು. ಶಿಬಿರದಲ್ಲಿ ನಲ್ಲಿ ಇರುವ ಡ್ರಮ್ಮುಗಳಲ್ಲಿ ಕಲಸಿ ಇಟ್ಟರು. ಕುಡಿಸುವ ಕೆಲಸವನ್ನು ರೋಗಿಯ ಪಕ್ಕದಲ್ಲೇ ಕೂತಿದ್ದ ತಾಯಿ, ಅಕ್ಕ, ಅಜ್ಜಿಯರಿಗೆ ಒಪ್ಪಿಸಿದರು. ಬರೀ ಉಪ್ಪುನೀರು ಎಂದರೆ ಜನ ನಂಬಲಾರರೆಂದು ಅದಕ್ಕೆ ‘ಓರಲ್ ಸಲೈನ್’ ಎಂದು ಹೆಸರಿಟ್ಟರು. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಅವರ ಉಸ್ತುವಾರಿಯ ಬಿಡಾರಗಳಲ್ಲಿ ಶೇ. 3.6ಕ್ಕೆ ಇಳಿಯಿತು.

ದ್ರಾವಣ ಅಷ್ಟು ಹೊಸದೇನಾಗಿರಲಿಲ್ಲ. ಕಲ್ಕತ್ತದವರೇ ಆದ ಡಾ. ಹೇಮೇಂದ್ರನಾಥ ಚಟರ್ಜಿ 1953ರಲ್ಲೇ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಂಥದ್ದೇ ಉಪಚಾರದ ಬಗ್ಗೆ ಬರೆದಿದ್ದರು. 1968ರಲ್ಲಿ ಢಾಕಾದಲ್ಲಿ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ ಆಸ್ಪತ್ರೆಯ ವಾರ್ಡಿನಲ್ಲಿ ಇದನ್ನು ಸಾಧಿಸಿ ತೋರಿಸಿದ್ದರು. ಬನಗಾಂವ್‌ನಲ್ಲಿ ಹೊಸದಾಗಿದ್ದದ್ದು ತಾಯಿಯ ಮೇಲಿನ ನಂಬಿಕೆ. ಓದುಬರಹ ಇಲ್ಲದ, ಮನೆಮಠ ಕಳಕೊಂಡ ಹೆಂಗಸು ಲೆಕ್ಕ ತಪ್ಪುತ್ತಾಳೆ ಎಂಬ ವೈದ್ಯಲೋಕದ ಅನುಮಾನ ಅಲ್ಲಿ ಸುಳ್ಳಾಯಿತು. ಮಹಲನಬಿಸ್ 2022ರ ಅಕ್ಟೋಬರಿನಲ್ಲಿ ಈ ಊರಲ್ಲೇ ತೀರಿಕೊಂಡರು. ಮರುವರ್ಷ ಮರಣೋತ್ತರ ಪದ್ಮವಿಭೂಷಣ ಬಂತು.

ಆಮೇಲೆ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 1980ರಿಂದ ಹತ್ತು ವರ್ಷ ಹಳ್ಳಿ ಹಳ್ಳಿ ಸುತ್ತಿ 1.2 ಕೋಟಿಗೂ ಹೆಚ್ಚು ಮನೆಗಳಲ್ಲಿ ತಾಯಂದಿರಿಗೆ ಇದನ್ನೇ ಕಲಿಸಿತು: ಮೂರು ಬೆರಳ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕಲಿಸಿದ ಕಾರ್ಯಕರ್ತೆಗೆ ಸಂಬಳ ಎಷ್ಟು ಎಂಬುದು ತಾಯಿ ಎಷ್ಟು ನೆನಪಿಟ್ಟುಕೊಂಡಿದ್ದಾಳೆ ಎಂಬುದರ ಮೇಲೆ ನಿಂತಿತ್ತು. ಸಲಹೆ ಕೊಡುವವರಿಗೆಲ್ಲ ಈ ಕಟ್ಟಳೆ ಇದ್ದಿದ್ದರೆ ಮೂರನೇ ಮಹಡಿಯ ಫೋನು ಅವತ್ತು ಅಷ್ಟು ಸದ್ದು ಮಾಡುತ್ತಿರಲಿಲ್ಲ.

ಅವತ್ತು ರಾತ್ರಿ ನಾವು ಮಾಡಿದ್ದನ್ನು ಹೇಳುತ್ತೇನೆ, ಕತ್ತರಿಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿಕೊಳ್ಳಿ. ಔಷಧಿ ಅಂಗಡಿಯಲ್ಲಿ ಸಿಗುವ ದೊಡ್ಡ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಸಣ್ಣ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟು ನೀರು. ಅರ್ಧ ಪೊಟ್ಟಣ ಅಂದಾಜಿನಲ್ಲಿ ಹಾಕುವುದು, ಮೇಲೆ ಸಕ್ಕರೆ ಬೆರೆಸುವುದು, ಹಾಲಿಗೆ ಹಾಕುವುದು ಬೇಡ. ಕಲಸಿದ್ದು 24 ಗಂಟೆ ಮಾತ್ರ, ಉಳಿದದ್ದನ್ನು ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡದಕ್ಕೆ 100ರಿಂದ 200 ಮಿಲಿ. ಬಾಟಲಿಯಲ್ಲಿ ಬೇಡ, ಚಮಚದಲ್ಲಿ, ನಿಮಿಷಕ್ಕೊಂದು ಎರಡು ಗುಟುಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಇನ್ನೂ ನಿಧಾನಕ್ಕೆ. ಪೊಟ್ಟಣ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ನೀರಿಗೆ ಸಮವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಅಳತೆ ಕೈತಪ್ಪಬಾರದು. ಇಲ್ಲಿನವರು ಇದನ್ನು ‘ನುನ್-ಚಿನಿರ್ ಜೊಲ್’ ಅನ್ನುತ್ತಾರೆ.

ಎದೆಹಾಲು ನಿಲ್ಲಿಸಬೇಡಿ. ಊಟವನ್ನೂ ನಿಲ್ಲಿಸಬೇಡಿ, ಬಾಳೆಕಾಯಿ ಕಿವುಚಿ ಕೊಡಲು ಅಡ್ಡಿಯಿಲ್ಲ. ಜೊತೆಗೆ ವೈದ್ಯರು ಸತುವಿನ, ಅಂದರೆ ಝಿಂಕ್‌ನ ಔಷಧಿ 14 ದಿನಕ್ಕೆ ಬರೆದುಕೊಡುತ್ತಾರೆ. ಭೇದಿ ನಿಂತಿತೆಂದು ಅದನ್ನು ನಾಲ್ಕನೇ ದಿನಕ್ಕೆ ಬಿಡಬೇಡಿ. ಭೇದಿಯಲ್ಲಿ ರಕ್ತ, ಕಣ್ಣು ಗುಳಿಬೀಳುವುದು, ಬಾಯಿ ಒಣಗಿ ಅಳುವಾಗ ಕಣ್ಣೀರು ಬಾರದಿರುವುದು, ಆರು ಗಂಟೆಯಿಂದ ಉಚ್ಚೆ ಹೋಗದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಮಗು ತೂಕಡಿಸುತ್ತಲೇ ಇರುವುದು: ಇವುಗಳಲ್ಲಿ ಒಂದು ಕಂಡರೂ ಮಳೆ, ರಾತ್ರಿ ಏನೂ ನೋಡದೆ ಆಸ್ಪತ್ರೆಗೆ ಹೊರಡಿ. ಆರು ತಿಂಗಳೊಳಗಿನ ಕೂಸಾದರೆ ಕಾಯುವ ಮಾತೇ ಇಲ್ಲ.

ಇನ್ನೊಂದು ಎಚ್ಚರ. ಕಾಗದದ ಡಬ್ಬಿಯಲ್ಲಿ ಸಿಗುವ ಹಣ್ಣಿನ ರುಚಿಯ ಸಿಹಿ ಪಾನೀಯಗಳು ಬಹಳ ವರ್ಷ ಓಆರ್‌ಎಸ್ ಹೆಸರು ಹೊತ್ತು ಮಾರಾಟವಾದವು. ಅವುಗಳಲ್ಲಿ ಸಕ್ಕರೆ ಹೆಚ್ಚು, ಭೇದಿಯನ್ನೇ ಹೆಚ್ಚಿಸುತ್ತವೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅಂಥ ಪಾನೀಯಗಳ ಮೇಲೆ ಓಆರ್‌ಎಸ್ ಎಂದು ಬರೆಯಬಾರದೆಂದು ಆದೇಶಿಸಿತು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿದೆಯೇ ನೋಡಿ ಕೊಳ್ಳಿ.

ಒಂಬತ್ತೂವರೆಗೆ ಮಗು ಮಲಗಿತು. ಹುಡುಗಿ ಚಮಚ ಹಿಡಿದಿದ್ದಳು, ನಾನು ಗಡಿಯಾರ ನೋಡುತ್ತಿದ್ದೆ, ಮಾಶಿ ಅನ್ನಕ್ಕೆ ಆಲೂಗಡ್ಡೆ ಹಾಕಿ ಬೇಯಿಸಿ, ಸಾಸಿವೆ ಎಣ್ಣೆ ಬಿಟ್ಟು ಕಿವುಚಿ ಹುಡುಗಿಯ ಮುಂದಿಟ್ಟಿದ್ದಳು. ತಿನ್ನುತ್ತಾ ಅವಳು ಹೇಳಿದ ಮಾತು ಭೇದಿಗಿಂತ ಹೆಚ್ಚು ಕಾಡಿತು. “ಆಂಟಿ, ನಾನು ಒಳ್ಳೆ ಅಮ್ಮ ಅಲ್ಲ ಅನ್ಸುತ್ತೆ. ಬೇರೆಯವರೆಲ್ಲ ಹೇಗೆ ಮಾಡ್ತಾರೆ?”

ಬೇರೆಯವರು ಹೇಗೆ ಮಾಡುತ್ತಾರೆ? ಅದಕ್ಕೂ ಈ ಊರಲ್ಲಿ ಒಂದು ಕಥೆ ಇದೆ. ಕಾದಂಬಿನಿ ಗಂಗೂಲಿ 1883ರಲ್ಲಿ ಚಂದ್ರಮುಖಿ ಬಸು ಜೊತೆ ಬಿ.ಎ. ಮುಗಿಸಿದರು, ಈ ದೇಶದ ಮೊದಲ ಇಬ್ಬರು ಪದವೀಧರೆಯರು ಅವರೇ. ಅದೇ ವರ್ಷ ದ್ವಾರಕಾನಾಥ ಗಂಗೂಲಿಯವರನ್ನು ಮದುವೆಯಾಗಿ, ಕಲ್ಕತ್ತ ಮೆಡಿಕಲ್ ಕಾಲೇಜಿನ ಮೆಟ್ಟಿಲು ಹತ್ತಿದರು. 1888ರ ಒಂದು ಪತ್ರದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಆಕೆಯನ್ನು ಕೊಂಡಾಡಿದ್ದಾರೆ. ಹೆರಿಗೆಗೆಂದು ಆಕೆ ಕಾಲೇಜು ತಪ್ಪಿಸಿದ್ದು ಬರೀ ಹದಿಮೂರು ದಿನ, ಒಂದು ಪಾಠವನ್ನೂ ಬಿಟ್ಟಿರಲಿಕ್ಕಿಲ್ಲ ಎಂಬುದು ಆ ಹೊಗಳಿಕೆಯ ಸಾರ.

ಈ ಹದಿಮೂರು ದಿನದ ಕಥೆಯನ್ನು ಇಂದಿಗೂ ಮೆಚ್ಚಿ ಹೇಳುವವರಿದ್ದಾರೆ. ಹೇಳುವಾಗ ಕೂಸು ಯಾರ ಕೈಯಲ್ಲಿತ್ತು ಎಂದು ಕೇಳುವುದಿಲ್ಲ. ಕಾದಂಬಿನಿ ಇದ್ದದ್ದು 13, ಕಾರ್ನ್‌ವಾಲಿಸ್ ಸ್ಟ್ರೀಟ್‌ನ ದೊಡ್ಡ ಮನೆಯಲ್ಲಿ. ಎದುರಿಗೆ ಬ್ರಹ್ಮಸಮಾಜದ ಮಂದಿರ. ದ್ವಾರಕಾನಾಥರ ಮೊದಲ ಹೆಂಡತಿಯ ಮಗಳು ಬಿಧುಮುಖಿ, ಅಳಿಯ ಉಪೇಂದ್ರಕಿಶೋರ್ ರಾಯ್‌ಚೌಧುರಿ ಸಂಸಾರ ಕೂಡ ಅದೇ ಮನೆಯಲ್ಲಿ. ಸತ್ಯಜಿತ್ ರಾಯ್ ಅವರ ತಂದೆ ಸುಕುಮಾರ್ ರಾಯ್ ಬಾಲ್ಯ ಕಳೆದದ್ದು ಅಲ್ಲೇ. ಸುಕುಮಾರರ ತಂಗಿ ಪುಣ್ಯಲತಾ ಚಕ್ರವರ್ತಿ ಬರೆದ ‘ಛೇಲೇಬೇಲಾರ್ ದಿನ್‌ಗುಲಿ’ ಎಂಬ ಬಾಲ್ಯದ ನೆನಪಿನ ಪುಸ್ತಕದ ತುಂಬ ಆ ಮನೆಯ ಗದ್ದಲ. ಚಿಕ್ಕಮ್ಮ, ಅತ್ತೆ, ಮಾವ, ಒಂದು ದಂಡು ಮಕ್ಕಳು. ಹೆಂಡತಿಯ ಓದಿಗಾಗಿ ಕಾಲೇಜಿನೊಂದಿಗೆ ಜಗಳಕ್ಕೆ ನಿಂತ ಗಂಡ. ಹದಿಮೂರು ದಿನಕ್ಕೇ ಆಕೆಯನ್ನು ಪಾಠಕ್ಕೆ ಕಳಿಸಿಕೊಟ್ಟದ್ದು ಇಂಥದೊಂದು ಮನೆ.

ಅಷ್ಟಿದ್ದೂ ಮಾತು ತಪ್ಪಲಿಲ್ಲ. ಮಕ್ಕಳ ಹೊಣೆ ಹೊತ್ತು, ರಾತ್ರಿ ಹೊತ್ತು ಗಾಡಿಯಲ್ಲಿ ರೋಗಿಗಳ ಮನೆಗೆ ಹೋಗುತ್ತಿದ್ದ ಆಕೆಯನ್ನು 1891ರಲ್ಲಿ ‘ಬಂಗಬಾಸಿ’ ಪತ್ರಿಕೆ ಸುತ್ತುಬಳಸಿ ಸೂಳೆ ಎಂದು ಬರೆಯಿತು. ಗಂಡಹೆಂಡತಿ ಕೋರ್ಟಿಗೆ ಹೋದರು. ಸಂಪಾದಕ ಮಹೇಶಚಂದ್ರ ಪಾಲ್‌ಗೆ ಆರು ತಿಂಗಳ ಜೈಲು, ನೂರು ರೂಪಾಯಿ ದಂಡ. ಹೊಗಳಿದವರಿಗೆ ಆಕೆ ದಣಿವೇ ಇಲ್ಲದ ದೇವತೆ, ತೆಗಳಿದವರಿಗೆ ಮನೆಗೆಟ್ಟವಳು. ಎರಡೂ ಕಡೆಯವರಿಗೆ ಆಕೆಯ ನಿದ್ದೆ ಊಟದ ಚಿಂತೆ ಇರಲಿಲ್ಲ.

ಹಾಗಾಗಿ ಮೂರನೇ ಮಹಡಿಯ ಹುಡುಗಿಗೆ ನಾನು ಕೊಟ್ಟ ಉತ್ತರ ಇದು: ಬೇರೆಯವರು ಒಬ್ಬರೇ ಮಾಡುವುದಿಲ್ಲ ಕಣಮ್ಮ, ಒಬ್ಬರೇ ಮಾಡಿದವರ ಹಾಗೆ ಕಾಣುತ್ತಾರೆ ಅಷ್ಟೆ. ನಮ್ಮ ಕಡೆ ಬಾಣಂತನ ಎಂಬ ಏರ್ಪಾಡು ಇದ್ದದ್ದು ಇದಕ್ಕೇ. ಮೂರು ತಿಂಗಳು, ಐದು ತಿಂಗಳು ತವರು. ಎರೆಯುವವರು ಒಬ್ಬರು, ಮೆಣಸಿನ ಸಾರು ಮಾಡುವವರು ಒಬ್ಬರು, ಕೂಸಿನ ಬಟ್ಟೆ ಒಗೆಯುವವರು ಮತ್ತೊಬ್ಬರು. ಉತ್ತರ ಕರ್ನಾಟಕದಲ್ಲಾದರೆ ಅಂಟಿನುಂಡೆ. ಬಂಗಾಳದಲ್ಲಿ ಅದೇ ಆಂತುಡ್‌ಘರ್ ಎಂಬ ಬಾಣಂತಿ ಕೋಣೆ, ಕರಿಜೀರಿಗೆಯ ಚಟ್ನಿ, ಶಿಂಗಿ ಮೀನಿನ ತೆಳು ಸಾರು. ನಮ್ಮಲ್ಲಿ ಶೆಟಿಗೆವ್ವ ಬಂದು ಹಣೆಬರಹ ಬರೆಯುವ ರಾತ್ರಿ ಉಂಟಲ್ಲ, ಇಲ್ಲಿ ಆರನೇ ರಾತ್ರಿ ವಿಧಾತ ಬರುತ್ತಾನೆ, ಮಕ್ಕಳನ್ನು ಕಾಯುವ ಷಷ್ಠಿದೇವಿಗೆ ಬೆಕ್ಕು ವಾಹನ. ಹೆಸರು ಬೇರೆ, ಅಂಜಿಕೆ ಒಂದೇ.

ಆ ಏರ್ಪಾಡಿನಲ್ಲಿ ಹುಳುಕೂ ಇತ್ತು, ಅದನ್ನೂ ಹೇಳಬೇಕು. ಬಾಣಂತಿಗೆ ನೀರು ಕೊಡಬಾರದು ಎಂಬುದು ಶುದ್ಧ ತಪ್ಪು, ಹಾಲೂಡಿಸುವವಳಿಗೆ ನೀರಡಿಕೆಯಾದಷ್ಟೂ ನೀರು ಬೇಕು. ಮುಚ್ಚಿದ ಕೋಣೆಯಲ್ಲಿ ಕೂಸಿಗೆ ಹೊಗೆ ಹಾಕಬಾರದು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬಜೆಯೂ ಬೇಡ, ನೀರೂ ಬೇಡ. ಹುಟ್ಟಿದ ಕೂಡಲೇ ನಾಲಿಗೆಗೆ ಜೇನು ಸವರುವುದು ಇಲ್ಲೂ ಉಂಟು, ನಮ್ಮಲ್ಲೂ ಉಂಟು. ಒಂದು ವರ್ಷ ತುಂಬುವವರೆಗೆ ಜೇನು ಮಗುವಿಗೆ ವಿಷವಾಗಬಲ್ಲದು. ಇಷ್ಟನ್ನು ಕಳೆದು ಉಳಿದದ್ದನ್ನು ಇಟ್ಟುಕೊಳ್ಳಿ. ಬಾಣಂತಿಯನ್ನು ಒಬ್ಬಳೇ ಬಿಡಬಾರದು ಎಂಬ ತಿಳಿವಳಿಕೆಯೇ ಆ ಉಳಿದದ್ದು.

ಊರು ಬಿಟ್ಟು ಬಂದ ಸಂಸಾರದಲ್ಲಿ ಆ ತಿಳಿವಳಿಕೆಯನ್ನು ನಡೆಸುವುದು ಹೇಗೆ? ತಾಯಿ ಮೂರು ತಿಂಗಳಿದ್ದು ಹಾಸನಕ್ಕೆ ವಾಪಸಾದ ಮೇಲೆ ಉಳಿಯುವುದು ಗಂಡ. ಕೇಂದ್ರ ಸರ್ಕಾರಿ ನೌಕರನಾದರೆ ಅವನಿಗೆ 15 ದಿನ ಪಿತೃತ್ವ ರಜೆ, ಖಾಸಗಿ ಕಂಪನಿಯವನಿಗೆ ಕಾನೂನು ಒಂದು ದಿನವನ್ನೂ ಕೊಡಿಸುವುದಿಲ್ಲ. ಹೆಂಡತಿಗೆ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರದ ರಜೆ ಉಂಟು, 50 ಅಥವಾ ಹೆಚ್ಚು ಜನ ದುಡಿಯುವ ಕಡೆ ಮಕ್ಕಳನ್ನು ಬಿಡಲು ಶಿಶುವಿಹಾರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಕೇಳಲು ಸಂಕೋಚ ಬೇಡ, ಅದು ಉಪಕಾರವಲ್ಲ.

ಗಂಡನಿಗೆ ನಾನು ಮರುದಿನ ಹೇಳಿದ್ದು ಒಂದೇ ಕೆಲಸ. “ಸಹಾಯ ಏನಾದ್ರೂ ಬೇಕಾ” ಎಂದು ಅವಳನ್ನು ಕೇಳಬೇಡಪ್ಪ, ಕೇಳಿದರೆ ಯೋಚಿಸುವ ಹೊರೆಯೂ ಅವಳಿಗೇ. ರಾತ್ರಿ ಒಂಬತ್ತರಿಂದ ಎರಡರವರೆಗೆ ಮಗು ನಿನ್ನದು ಎಂದು ಬರೆದಿಟ್ಟುಕೋ. ಹಾಲೂಡಿಸುವ ಹೊತ್ತಿಗೆ ಮಾತ್ರ ಎಬ್ಬಿಸು, ಊಡಿಸಿದ ಮೇಲೆ ತೇಗಿಸಿ, ಬಟ್ಟೆ ಬದಲಿಸಿ, ಮಲಗಿಸುವವನು ನೀನು. ನಾಲ್ಕು ಗಂಟೆ ನೆಮ್ಮದಿಯ ನಿದ್ದೆ ಅವಳಿಗೆ ಯಾವ ಟಾನಿಕ್ಕಿಗಿಂತಲೂ ಹೆಚ್ಚು.

ಊಟದ ವಿಷಯಕ್ಕೂ ಮನೆಮನೆಯಲ್ಲಿ ಕದನ. ಆರು ತಿಂಗಳು ತುಂಬಿದ ಮೇಲೆ ಗಟ್ಟಿ ಆಹಾರ ಶುರು. ಬಂಗಾಳದಲ್ಲಿ ಮುಖೇಭಾತ್ ಎಂದು ಹಬ್ಬ ಮಾಡಿ ಸೋದರಮಾವನ ಕೈಯಲ್ಲಿ ಪಾಯಸ ತಿನ್ನಿಸುತ್ತಾರೆ, ನಮ್ಮಲ್ಲಿ ಅನ್ನಪ್ರಾಶನ. ಮರುದಿನದಿಂದ ಏನು ಎಂಬುದೇ ಪ್ರಶ್ನೆ. ಈ ಊರಿನ ಆಸುಪಾಸಿನಲ್ಲಿ 1974ರಲ್ಲಿ ಡಾ. ಸಮೀರ್ ಚೌಧುರಿ ಶುರುಮಾಡಿದ ಸಿನಿ ಎಂಬ ಸಂಸ್ಥೆ ಸೊರಗಿದ ಮಕ್ಕಳಿಗೆ ಡಬ್ಬಿಯ ಪುಡಿ ತರಿಸಲಿಲ್ಲ. ಧಾನ್ಯ, ಬೇಳೆ ಹುರಿದು ಬೀಸಿದ ನ್ಯೂಟ್ರಿಮಿಕ್ಸ್ ಎಂಬ ಹಿಟ್ಟನ್ನು ಮನೆಯಲ್ಲೇ ಮಾಡಿಕೊಳ್ಳಲು ತಾಯಂದಿರಿಗೆ ಕಲಿಸಿತು. ನಮ್ಮ ರಾಗಿಸರಿಯ ಜಾತಿಯದೇ ಅದು. ಸೂತ್ರ ಸಲೀಸು: ಒಂದು ಧಾನ್ಯ, ಒಂದು ಬೇಳೆ, ಒಂದು ಚಮಚ ತುಪ್ಪ ಅಥವಾ ಎಣ್ಣೆ, ಒಂದು ತರಕಾರಿ, ಮೊಟ್ಟೆ, ಮೀನು ತಿನ್ನುವವರಾದರೆ ಅದೂ. ಚಮಚ ಓರೆ ಮಾಡಿದರೆ ಸುರಿದುಹೋಗದಷ್ಟು ಮಂದ ಇರಲಿ, ಗಂಜಿನೀರಿನಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಆಮೇಲೆ ಮೂರು ನಾಲ್ಕು ಸಲ. ಮುಖ ತಿರುಗಿಸಿದರೆ ಬಟ್ಟಲು ಎತ್ತಿಡಿ. ಎಷ್ಟು ತಿನ್ನಬೇಕೆಂಬುದು ಮಗುವಿನ ಲೆಕ್ಕ, ಏನು ಕೊಡಬೇಕೆಂಬುದು ನಿಮ್ಮ ಲೆಕ್ಕ.

ಅಳು ನಿಲ್ಲದ ರಾತ್ರಿಗೆ ಒಂದು ಮಾತು. ಹೊಟ್ಟೆ ತುಂಬಿದೆ, ಬಟ್ಟೆ ಒಣಗಿದೆ, ಜ್ವರ ಇಲ್ಲ, ಆದರೂ ಅಳುತ್ತಿದೆ, ನಿಮ್ಮ ಮೈಯೆಲ್ಲ ಉರಿಯುತ್ತಿದೆ. ಆಗ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲು ಓರೆ ಮಾಡಿ, ಐದು ನಿಮಿಷ ಬಾಲ್ಕನಿಯಲ್ಲಿ ನಿಲ್ಲಿ. ಅಳುವುದರಿಂದ ಮಗುವಿಗೆ ಏನೂ ಆಗುವುದಿಲ್ಲ, ಸಿಟ್ಟಿನಲ್ಲಿ ಹಿಡಿದು ಅಲುಗಾಡಿಸಿದರೆ ಮಿದುಳಿಗೆ ಪೆಟ್ಟಾಗುತ್ತದೆ. ಐದು ನಿಮಿಷ ದೂರ ಹೋದ ತಾಯಿ ಕೆಟ್ಟ ತಾಯಿಯಲ್ಲ, ಎಚ್ಚರದ ತಾಯಿ.

ಈಗ ಮನಸ್ಸಿನ ಮಾತು. ಹೆರಿಗೆಯಾದ ಮೊದಲ ಎರಡು ವಾರ ಕಾರಣವಿಲ್ಲದೆ ಅಳು ಬರುವುದು, ಸಿಡುಕು, ನಿದ್ದೆಗೇಡು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಇದ್ದದ್ದೇ, ತಾನಾಗಿ ಇಳಿಯುತ್ತದೆ. ಎರಡು ವಾರ ದಾಟಿದರೂ ಇಳಿಯದಿದ್ದರೆ, ಮಗು ಮಲಗಿದರೂ ನಿದ್ದೆ ಬಾರದಿದ್ದರೆ, ಮಗುವನ್ನು ಎತ್ತಿಕೊಂಡರೂ ಏನೂ ಅನ್ನಿಸದಿದ್ದರೆ, ನಾನಿಲ್ಲದಿದ್ದರೇ ಎಲ್ಲರಿಗೂ ಒಳ್ಳೆಯದು ಎಂಬ ಯೋಚನೆ ಬಂದರೆ ಅದು ಖಿನ್ನತೆ. ಇದು ಮೊದಲ ತಿಂಗಳಲ್ಲೇ ಬರಬೇಕೆಂದಿಲ್ಲ, ವರ್ಷದೊಳಗೆ ಯಾವಾಗ ಬೇಕಾದರೂ ಬರಬಹುದು. ಭಾರತದ 38 ಅಧ್ಯಯನಗಳ, 20 ಸಾವಿರಕ್ಕೂ ಹೆಚ್ಚು ತಾಯಂದಿರ ಮಾಹಿತಿ ಒಟ್ಟುಗೂಡಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಬಂದ ಲೆಕ್ಕ ಹೇಳುವುದು ಶೇ. 22 ಎಂದು. ಐವರಲ್ಲಿ ಒಬ್ಬಳು. ನಿಮ್ಮ ಓಣಿಯಲ್ಲಿ ಐದು ಬಾಣಂತಿಯರಿದ್ದರೆ ಲೆಕ್ಕ ಹಾಕಿ.

ಇದಕ್ಕೆ ಮಾತಿನ ಚಿಕಿತ್ಸೆ ಇದೆ, ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ. ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದರಲ್ಲ, ಇಲ್ಲದ ದನಿ ಕೇಳುವುದು, ಮಗುವಿನ ಬಗ್ಗೆ ವಿಪರೀತ ಸಂಶಯ, ದಿನಗಟ್ಟಲೆ ನಿದ್ದೆಯೇ ಇಲ್ಲದ ಹುಚ್ಚು ಚುರುಕು, ಅದು ಸಾವಿರದಲ್ಲಿ ಒಬ್ಬಿಬ್ಬರಿಗೆ. ಅದು ತುರ್ತು. ಅದೇ ದಿನ ಆಸ್ಪತ್ರೆ ಆಗಬೇಕು, ತಾಯಿ ಮತ್ತು ಮಗುವನ್ನು ಒಂಟಿಯಾಗಿ ಬಿಡಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮತ್ತು ಕೂಸನ್ನು ಅಗಲಿಸದೆ ಒಟ್ಟಿಗೇ ಇರಿಸಿಕೊಂಡು ಉಪಚರಿಸುವ ವಾರ್ಡು ಇದೆ. ಎಲ್ಲಿದ್ದರೂ 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ ಅದು, 24 ಗಂಟೆ, ಪುಕ್ಕಟೆ. ಕನ್ನಡದಲ್ಲೂ ಮಾತಾಡಬಹುದು, ಬಂಗಾಳಿಯಲ್ಲೂ. ಪರವೂರಲ್ಲಿ ಅಳು ಬಂದಾಗ ತಾಯ್ನುಡಿ ಸಿಗುವುದು ಸಣ್ಣ ಮಾತಲ್ಲ.

ನಮ್ಮ ಹುಡುಗಿಗೂ ಮೂರು ತಿಂಗಳಿಂದ ಖಿನ್ನತೆ ಇತ್ತಂತೆ. ಯಾರಿಗೂ ಹೇಳಿರಲಿಲ್ಲ. “ಮಗು ಆರೋಗ್ಯವಾಗಿದೆಯಲ್ಲ, ನಿಂಗೇನು ಕಮ್ಮಿ ಅಂತಾರೆ, ಆಂಟಿ.” ಈಗ ವಾರಕ್ಕೊಮ್ಮೆ ವೈದ್ಯರಲ್ಲಿ ಹೋಗಿಬರುತ್ತಾಳೆ, ಚೇತರಿಸಿಕೊಳ್ಳುತ್ತಿದ್ದಾಳೆ. ಅವಳಿಗೆ ಏನೋ ಆಗಿದೆ ಎಂದು ಮೊದಲು ಗುರುತು ಹಿಡಿದದ್ದು ಗಂಡನಲ್ಲ, ತಾಯಿಯಲ್ಲ, ನಾನಲ್ಲ. ಮಾಶಿ.

ಮಾಶಿ ಅಂದರೆ ತಾಯಿಯ ಅಕ್ಕ ಅಥವಾ ತಂಗಿ, ನಮ್ಮ ದೊಡ್ಡಮ್ಮ, ಚಿಕ್ಕಮ್ಮ. ಈ ಊರಲ್ಲಿ ಮಗು ನೋಡಿಕೊಳ್ಳುವವಳಿಗೆ ಅದೇ ಹೆಸರು. ಬೀದಿಗೊಂದು ಆಯಾ ಸೆಂಟರ್ ಇದೆ. ಅಲ್ಲಿಂದ ಹನ್ನೆರಡು ಗಂಟೆಯ ಡೇ ಡ್ಯೂಟಿ, ನೈಟ್ ಡ್ಯೂಟಿಗೆ ಹೆಂಗಸರು ಬರುತ್ತಾರೆ, ಕೂಲಿಯಲ್ಲಿ ಒಂದು ಪಾಲು ಸೆಂಟರಿಗೆ. ನಸುಕಿನಲ್ಲೇ ಕ್ಯಾನಿಂಗ್, ಲಕ್ಷ್ಮೀಕಾಂತಪುರದ ಕಡೆಯ ಲೋಕಲ್ ಟ್ರೇನುಗಳು ಅವರನ್ನು ಹೊತ್ತು ತಂದು ಗಡಿಯಾ, ಜಾದವಪುರ, ಢಾಕುರಿಯಾ, ಬಾಲಿಗಂಜ್‌ನಲ್ಲಿ ಇಳಿಸುತ್ತವೆ. ಸುಂದರಬನದ ಅಂಚಿನ ಹಳ್ಳಿಗಳಿಂದ ನಾಲ್ಕು ಗಂಟೆಗೇ ಎದ್ದು ಬಂದವರು. ಈ ರೈಲುಗಳಿಗೆ ಊರಿನವರು ‘ಝೀ ಲೋಕಲ್’ ಎಂದು ಅಡ್ಡಹೆಸರಿಟ್ಟಿದ್ದಾರೆ. ಝೀ ಎಂದರೆ ಮನೆಗೆಲಸದವಳು. ಹಳೆಯ ಬಂಗಾಳಿಯಲ್ಲಿ ಅದೇ ಮಾತಿಗೆ ಮಗಳು ಎಂದೂ ಅರ್ಥ. ಮಗಳು ಎಂಬ ಮಾತೇ ಸವೆದು ಆಳು ಎಂದಾದದ್ದನ್ನು ಯಾರೂ ಗಮನಿಸಿದ ಹಾಗಿಲ್ಲ.

ನಮ್ಮ ಮಾಶಿಗೂ ಒಂದು ಮಗು ಇದೆ, ನಾಲ್ಕು ವರ್ಷದ್ದು. ಅಜ್ಜಿಯ ಹತ್ತಿರ ಇರುತ್ತದೆ. ಅವತ್ತು ರಾತ್ರಿ ಅವಳು ಹತ್ತು ಗಂಟೆಯ ಟ್ರೇನು ಹತ್ತಿ ಮನೆ ಸೇರಿದಾಗ ಅದು ಮಲಗಿತ್ತು. ಬೆಳಗ್ಗೆ ಹೊರಟಾಗಲೂ ಮಲಗಿತ್ತು. ಸೆಂಟರಿನ ಕಟ್ಟಳೆ ಪ್ರಕಾರ ಬಾರದ ದಿನಕ್ಕೆ ಕೂಲಿ ಇಲ್ಲ. 26 ವಾರದ ಹೆರಿಗೆ ರಜೆ, ಶಿಶುವಿಹಾರ, ದಿನಕ್ಕೆ ನಾಲ್ಕು ಸಲ ಮಗುವಿನ ಮುಖ ನೋಡುವ ಹಕ್ಕು, ನಾನು ಮೇಲೆ ಬರೆದ ಇವ್ಯಾವುವೂ ಅವಳ ಬಾಗಿಲಿಗೆ ಬಂದಿಲ್ಲ.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಓದುತ್ತಿರುವ ನಿಮ್ಮ ಮನೆಗೂ ಇಂಥ ಒಬ್ಬಳು ಬರುತ್ತಿರಬಹುದು. ಬಾಣಂತಿಯನ್ನು ನೋಡಲು ಹೋಗುವಾಗ ಸಲಹೆ ಬಿಟ್ಟು ಒಂದು ಕ್ಯಾರಿಯರ್ ಊಟ ಒಯ್ಯಿರಿ ಎಂಬುದು ನನ್ನ ಮೊದಲ ಕೋರಿಕೆ. ಎರಡನೆಯದು ಈ ಇನ್ನೊಬ್ಬ ತಾಯಿಯ ಬಗ್ಗೆ. ಅವಳ ಮಗುವಿಗೆ ಭೇದಿಯಾದ ದಿನ ರಜೆ ಕೊಡಿ, ಹೋಗುವಾಗ ಕೈಗೆ ನಾಲ್ಕು ಓಆರ್‌ಎಸ್ ಪೊಟ್ಟಣ ಕೊಡಿ, ಅವತ್ತಿನ ಸಂಬಳ ಹಿಡಿಯಬೇಡಿ.